ಅಬ್ಬಿಗೆರೆಯಿಂದ ಸಂಜಯನಗರಕ್ಕೆ ತಲುಪದ ಅಳತೆಗಳು

ದೊಡ್ಡಮ್ಮನ ಅಳತೆ ಪುಸ್ತಕಗಳನ್ನು ಉಳಿಸಬೇಕೆಂದು ಹಟ ಹಿಡಿದವಳು ನಾನು. ಅವಳು ಕೇಳಿರಲಿಲ್ಲ. ಅಬ್ಬಿಗೆರೆಯ ಮನೆಯ ಮುಂದಿನ ಕೋಣೆಯಲ್ಲಿ ಅವಳು ರವಿಕೆ ಹೊಲಿಯಲು ಕೂತದ್ದು ನಾನು ಹುಟ್ಟುವ ಮೊದಲು. ಹೊಲಗಳೆಲ್ಲ ಸೈಟುಗಳಾಗುವ ಮುಂಚಿನಿಂದಲೂ ಅಲ್ಲಿದ್ದ ಹೆಂಗಸರಿಗೆಲ್ಲ ಆ ಐದು ಪುಸ್ತಕಗಳಲ್ಲಿ ಒಂದೊಂದು ಪುಟವಿತ್ತು: ಎದೆ, ಸೊಂಟ, ತೋಳು, ಕತ್ತಿನ ಆಳ. ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳು: ‘ಬಾಣಂತಿ, ಸಡಿಲ ಬಿಡು’, ‘ಎಡ ಭುಜ ಇಳಿದಿದೆ’.

ಒಂದು ಪುಸ್ತಕದ ಬೆನ್ನನ್ನು ಗೆದ್ದಲು ತಿಂದಿದ್ದನ್ನು ಕಂಡ ದಿನ ನಾನು ಕೆರಳಿದೆ. ಕೆರಳುವುದು ನನಗೆ ಸುಲಭ. ಸ್ನಾತಕೋತ್ತರ ಪದವಿ ಮುಗಿಸಿ ಹೊರಬಂದಾಗಿನಿಂದ ನಾನು ಕಚೇರಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತ, ‘ಕಡತ ಲಭ್ಯವಿಲ್ಲ’ ಎಂಬ ಉತ್ತರಗಳ ಮೇಲೆ ಮೇಲ್ಮನವಿ ಬರೆಯುತ್ತ ಬಂದವಳು. ಕಡತ ತಾನಾಗಿ ಕಳೆಯುವುದಿಲ್ಲ, ಅದನ್ನು ಕಳೆದವರು ಒಬ್ಬರು ಇದ್ದೇ ಇರುತ್ತಾರೆ ಎಂಬುದು ನಾನು ಬರೆದ ಎಲ್ಲ ಲೇಖನಗಳ ಒಟ್ಟು ಸಾರ.

ಸಂಜಯನಗರದ ನನ್ನ ಬಾಡಿಗೆ ಕೋಣೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಸರ್ವರ್, ಕಡತಗಳನ್ನು ಕೂಡಿಡುವ ಕಂಪ್ಯೂಟರ್, ಒಂದಿತ್ತು. ಅರ್ಜಿ, ಉತ್ತರ, ಫೋಟೊಗಳೆಲ್ಲ ಅದರಲ್ಲಿದ್ದವು. ಅಂಥದೇ ಇನ್ನೊಂದನ್ನು ದೊಡ್ಡಮ್ಮನ ಮನೆಯಲ್ಲಿ ದಾರದ ಕಪಾಟಿನ ಮೇಲೆ ಕೂರಿಸಿದೆ. ಅವಳು ಫೋನಿನಲ್ಲಿ ತೆಗೆದ ಪುಟಗಳು ಮೊದಲು ಅಲ್ಲಿಗೆ ಸೇರಿ, ಫೋನಿನಿಂದ ಅಳಿಯಬೇಕು. ಆಮೇಲೆ ಆ ಸರ್ವರ್ ತಾನಾಗಿಯೇ ದಿನಕ್ಕೊಮ್ಮೆ ಅವುಗಳ ಪ್ರತಿಯನ್ನು ನನ್ನ ಸರ್ವರ್‌ಗೆ ಕಳಿಸಬೇಕು. ನನ್ನ ಕಡತಗಳ ಪ್ರತಿ ಬೆಳಿಗ್ಗೆ ಅವಳಲ್ಲಿಗೆ, ಅವಳ ಪುಟಗಳ ಪ್ರತಿ ಮಧ್ಯಾಹ್ನ ನನ್ನಲ್ಲಿಗೆ. ಅವಳು ಉಂಡು ಮಲಗುವ ಹೊತ್ತು, ಹೊಲಿಗೆ ಯಂತ್ರ ಓಡುವುದಿಲ್ಲ ಎಂದು ಮಧ್ಯಾಹ್ನವನ್ನು ನಾನೇ ಆರಿಸಿದ್ದೆ. ಏನಾದರೂ ಕೆಟ್ಟರೆ ಮಾತ್ರ ನನಗೆ ಸಂದೇಶ ಬರುವಂತೆ ಮಾಡಿದೆ. ಮೊದಲ ಪುಸ್ತಕವನ್ನು ಅವಳ ಮುಂದೆಯೇ ನನ್ನ ಕೈಯಾರೆ ಕಳಿಸಿ, ನನ್ನ ಸರ್ವರ್‌ನಲ್ಲಿ ತೆರೆದು ತೋರಿಸಿದೆ.

“ಅಂಗಂದ್ರೆ, ನಮ್ಮನೆ ಬಿದ್ದೋದ್ರೂ ಇದು ನಿನ್ ರೂಮಲ್ಲಿರ್ತದೆ?”

“ಇರುತ್ತೆ ದೊಡ್ಡಮ್ಮ.”

“ನಿನ್ ರೂಮ್ ಬಿದ್ದೋದ್ರೆ?”

“ನಿಮ್ಮನೇಲಿರುತ್ತೆ.”

“ಎರಡೂ ಒಟ್ಗೆ ಬಿದ್ರೆ ರವಿಕೆ ಯಾರಿಗೆ ಬೇಕು ಬಿಡು,” ಎಂದು ನಕ್ಕಳು.

ಮಳೆಗಾಲ ಮುಗಿಯಿತು, ಚಳಿ ಬಂತು. ಒಂದೇ ಒಂದು ಸಂದೇಶವೂ ಬರಲಿಲ್ಲ. ನಾನು ನೆಮ್ಮದಿಯಾಗಿದ್ದೆ. ಒಂದು ಬೆಳಿಗ್ಗೆ ದೊಡ್ಡಮ್ಮ ಫೋನ್ ಮಾಡಿ, “ನಿನ್ ಡಬ್ಬಿ ಟಿಕ್ ಟಿಕ್ ಅಂತೈತೆ, ದೀಪ ಇಲ್ಲ,” ಎಂದಳು. ಹೋಗಿ ನೋಡಿದೆ. ಡಿಸ್ಕ್ ಸತ್ತಿತ್ತು, ರಿಪೇರಿಯವನೂ ಕೈ ಚೆಲ್ಲಿದ. ಚಿಂತೆಯಿಲ್ಲ, ಪ್ರತಿಯಿರುವುದೇ ಇದಕ್ಕೆ ಎಂದು ಅವಳಿಗೆ ಧೈರ್ಯ ಹೇಳಿ, ಸಂಜಯನಗರಕ್ಕೆ ಬಂದು ಫೋಲ್ಡರ್ ತೆರೆದೆ. ಒಂದನೇ ಪುಸ್ತಕವಿತ್ತು. ಉಳಿದ ನಾಲ್ಕರ ಒಂದು ಪುಟವೂ ಇರಲಿಲ್ಲ.

ಮತ್ತೆ ಅಬ್ಬಿಗೆರೆಗೆ ಹೋಗಿ ಕೇಳಿದಾಗ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಂದೋ ಮರೆತು ಬಿಟ್ಟ ಇಸ್ತ್ರಿಪೆಟ್ಟಿಗೆ ಗಿರಾಕಿಯ ರೇಷ್ಮೆ ರವಿಕೆಯೊಂದನ್ನು ಸುಟ್ಟಿತ್ತಂತೆ. ಅಂದಿನಿಂದ ದೊಡ್ಡಮ್ಮ ಊಟಕ್ಕೆ ಏಳುವಾಗ ಮೇನ್ ಸ್ವಿಚ್ಚನ್ನೇ ಆರಿಸುತ್ತಾಳೆ, ಮಲಗಿ ಎದ್ದ ಮೇಲೆ ಹಾಕುತ್ತಾಳೆ. ನಾನು ಗೊತ್ತುಮಾಡಿದ ಹೊತ್ತಿನಲ್ಲಿ ಆ ಸರ್ವರ್ ಒಂದು ದಿನವೂ ಎಚ್ಚರವಾಗಿರಲಿಲ್ಲ. ಎಚ್ಚರವಿಲ್ಲದ್ದು ತಾನು ಕೆಟ್ಟಿದ್ದೇನೆಂದು ಸಂದೇಶ ಕಳಿಸುವುದಾದರೂ ಹೇಗೆ? ನನ್ನ ಕಡತಗಳು ಮಾತ್ರ ಪ್ರತಿ ಬೆಳಿಗ್ಗೆ ತಪ್ಪದೆ ಅವಳ ಮನೆ ಸೇರುತ್ತಿದ್ದವು. ಒಂದು ದಿಕ್ಕು ನಡೆಯುವುದನ್ನು ಕಂಡು ಎರಡೂ ನಡೆಯುತ್ತಿವೆಯೆಂದು ನಂಬಿದ್ದೆ. ‘ದೂರುಗಳು ಬಂದಿಲ್ಲ, ಆದ್ದರಿಂದ ಸಮಸ್ಯೆಯಿಲ್ಲ’ ಎಂದು ಬರೆದ ಅಧಿಕಾರಿಯೊಬ್ಬರನ್ನು ನಾನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಟೀಕಿಸಿದ್ದೆ. ನನ್ನ ನೆಮ್ಮದಿ ಆ ವಾಕ್ಯದ ತದ್ರೂಪವಾಗಿತ್ತು.

“ಹೋಗಲಿ, ಪುಸ್ತಕ ಕೊಡಿ, ಮತ್ತೆ ಫೋಟೊ ತೆಗೆಯೋಣ,” ಎಂದೆ.

ದೊಡ್ಡಮ್ಮ ಗೋಡೆಯ ಮೊಳೆಯಿಂದ ಬಟ್ಟೆಯ ಚೀಲವೊಂದನ್ನು ಇಳಿಸಿದಳು. ತೋಳು, ಕತ್ತು, ಬೆನ್ನಿನ ಆಕಾರದಲ್ಲಿ ಕತ್ತರಿಸಿದ ಕಾಗದಗಳು ಅದರ ತುಂಬ ಇದ್ದವು, ಅವುಗಳ ಮೇಲೆಲ್ಲ ಅಳತೆ ಪುಸ್ತಕದ ಅಂಕಿಗಳು, ಪೆನ್ಸಿಲಿನ ಟಿಪ್ಪಣಿಗಳು. “ನೀನೇ ಅಂದ್ಯಲ್ಲ, ಎರಡ್ ಕಡೆ ಐತೆ ಅಂತ. ಕತ್ರಿಸಕ್ಕೆ ನ್ಯೂಸ್ ಪೇಪರ್ರೂ ಇಲ್ಲ, ತರ್ಸೋದ್ ನಿಲ್ಸಿದೀನಿ. ಕಟಿಂಗ್‌ಗೆ ಒಳ್ಳೆ ದಪ್ಪ ಕಾಗ್ದ ಅಂತ...” ಎಂದಳು.

ಇಬ್ಬರೂ ನೆಲದ ಮೇಲೆ ಕೂತು ಚೂರುಗಳನ್ನು ಹರಡಿದೆವು. ಅವಳು ಹುಡುಕುತ್ತಿದ್ದುದು ಒಂದೇ ಪುಟವನ್ನು ಎಂಬುದು ನನಗೆ ತಡವಾಗಿ ತಿಳಿಯಿತು. ಹಿಂದಿನ ಬೀದಿಯಲ್ಲಿ ಹೂಗಿಡಗಳ ನರ್ಸರಿ ನಡೆಸುವ ಅವಳ ಗೆಳತಿಗೆ ಕ್ಯಾನ್ಸರ್ ಬಂದು ಒಂದು ಸ್ತನ ತೆಗೆದಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ಯಾರ ಕೈಯನ್ನೂ ಮೈಗೆ ತಾಗಗೊಡುತ್ತಿರಲಿಲ್ಲ. ದೊಡ್ಡಮ್ಮ ಒಮ್ಮೆ ಅಳತೆ ತೆಗೆದು, ಒಳಗೆ ಎಷ್ಟು ಪದರ ಹತ್ತಿಬಟ್ಟೆ, ಎಲ್ಲಿ ಎಷ್ಟು ಇಂಚು ದಪ್ಪ ಎಂದೆಲ್ಲ ಬರೆದುಕೊಂಡು, ಇನ್ನೆಂದೂ ಟೇಪು ಹಿಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಈಗ ಆಕೆಯ ಮಗಳ ನಿಶ್ಚಿತಾರ್ಥ. ಸೀರೆ ಬಂದಿತ್ತು, ರವಿಕೆಯಾಗಬೇಕಿತ್ತು.

“ಹಳೇ ರವಿಕೆ ಇಸ್ಕೊಂಡ್ರೆ ಸಾಲಲ್ವಾ?”

“ಒಳಪದರ ಬಿಚ್ ನೋಡ್ಬೇಕು ಕಣೇ. ಅದನ್ ಬಿಚ್ಚಕ್ ಕೊಡು ಅನ್ನೋದೂ ಒಂದೇ, ಟೇಪ್ ಇಡಿಯೋದೂ ಒಂದೇ.”

ತೋಳಿನ ಆಕಾರದ ಒಂದು ಚೂರಿನಲ್ಲಿ ಆಕೆಯ ಪುಟದ ಅರ್ಧ ಸಿಕ್ಕಿತು. ಪದರಗಳ ಲೆಕ್ಕವಿದ್ದ ಅರ್ಧ ಸಿಗಲಿಲ್ಲ. ದೊಡ್ಡಮ್ಮ ಆ ಚೂರನ್ನು ತೊಡೆಯ ಮೇಲಿಟ್ಟುಕೊಂಡು ನೇವರಿಸಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ನರ್ಸರಿಗೆ ಇಬ್ಬರೂ ಹೋದೆವು. ಆಕೆ ದಾಸವಾಳದ ಸಸಿಗಳಿಗೆ ನೀರು ಹಾಕುತ್ತಿದ್ದರು. ಯಾರು, ಯಾವಾಗ, ಏಕೆ ಎಂದು ನಾನು ಕಚೇರಿಗಳಿಂದ ಕೇಳುವ ಕ್ರಮದಲ್ಲೇ ನನ್ನ ತಪ್ಪನ್ನು ಒಪ್ಪಿಸಿದೆ. ದೊಡ್ಡಮ್ಮನದು ಏನೂ ತಪ್ಪಿಲ್ಲವೆಂದೆ.

ಆಕೆ ಪೈಪನ್ನು ಕೆಳಗಿಟ್ಟರು. “ನನ್ ಪುಟ ನಿನ್ ರೂಮಿಗೆ ಓಗ್ಬೇಕಿತ್ತಾ?”

“ಹೌದು.”

“ನನ್ನ ಕೇಳಿದ್ಯಾ?”

ನಾನು ಕೇಳಿರಲಿಲ್ಲ. ಐದು ಪುಸ್ತಕಗಳಲ್ಲಿದ್ದ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ. ಜನರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಕೂಡಿಡುವವರ ವಿರುದ್ಧ ಎರಡು ದೀರ್ಘ ಲೇಖನ ಬರೆದ ನನಗೆ, ದೊಡ್ಡಮ್ಮನ ಪುಸ್ತಕದಲ್ಲಿರುವುದು ದೊಡ್ಡಮ್ಮನದಲ್ಲ ಎಂಬುದು ಹೊಳೆದೇ ಇರಲಿಲ್ಲ.

“ಇಲ್ಲ,” ಎಂದೆ. “ಕೇಳಬೇಕಿತ್ತು.”

ಆಕೆ ದೊಡ್ಡಮ್ಮನ ಕಡೆ ತಿರುಗಿದರು. “ನೀನ್ಯಾಕೆ ಇಂಗ್ ಮುಖ ಮಾಡ್ಕೊಂಡಿದೀಯ? ನಾಲ್ಕ್ ವರ್ಷದ್ ಅಳತೆ ಇಟ್ಕಂಡು ಏನ್ ಮಾಡ್ತಿದ್ದೆ? ನಾನೀಗ ಎಂಗ್ ಊದಿದೀನಿ ನೋಡು. ಟೇಪ್ ತಂದಿದೀಯಾ?”

“ತಂದಿಲ್ಲ ಕಣೇ. ಮಾತು ಕೊಟ್ಟಿದ್ನಲ್ಲ.”

“ನಿನ್ ಮಾತು ನನ್ತಾವ ಇತ್ತು. ಈಗ ನಾನೇ ವಾಪಸ್ ಕೊಡ್ತಿದೀನಿ. ಓಗಿ ತಗಂಬಾ.”

ಅವರ ಮನೆಯೊಳಗೆ ಕಿಟಕಿ ಮುಚ್ಚಿ, ದೊಡ್ಡಮ್ಮ ನಿಧಾನವಾಗಿ ಅಳೆದಳು. ನನ್ನನ್ನು ಬಾಗಿಲಿನತ್ತ ಮುಖ ಮಾಡಿ ಕೂರಿಸಿ, ಹೊಸ ಅಳತೆ ಪುಸ್ತಕವೊಂದನ್ನು ಕೊಟ್ಟು ಬರೆದುಕೊಳ್ಳಲು ಹೇಳಿದರು. ಬೆನ್ನ ಹಿಂದಿನಿಂದ ಅಂಕಿಗಳು ಬಂದವು; ನಡುವೆ ಒಮ್ಮೆ ಇಬ್ಬರೂ ಯಾವುದಕ್ಕೋ ನಕ್ಕರು. ಕೊನೆಗೆ ಆಕೆ ಸೆರಗು ಸರಿಮಾಡಿಕೊಂಡು ಬಂದು ನನ್ನೆದುರು ಕೂತರು.

“ಪುಸ್ತಕದಲ್ ಒಂದಿರ್ಲಿ. ನಿನ್ ಡಬ್ಬಿಗೆ ಬ್ಯಾಡ. ಇನ್ನೊಂದ್ ಬರ್ದು ನನ್ಗ್ ಕೊಡು, ಬೀರುನಲ್ ಇಟ್ಕಂತೀನಿ.”

ಬೇರೆ ಹಾಳೆಯಲ್ಲಿ ಮತ್ತೆ ಬರೆದೆ. ಬರೆದದ್ದನ್ನು ತಾಳೆ ನೋಡದೆ ಕೊಡಲು ಧೈರ್ಯವಾಗಲಿಲ್ಲ. ಹಾಳೆಯನ್ನು ಅವರ ಕೈಗಿತ್ತು, ಪುಸ್ತಕವನ್ನು ನಾನು ಹಿಡಿದು, “ಒಂದೊಂದಾಗಿ ಓದಿ, ನಾನು ನೋಡ್ತೀನಿ,” ಎಂದೆ. ಅವರು ಕನ್ನಡಕ ಹಾಕಿಕೊಂಡು, ತಮ್ಮ ಮೈಯ ಅಳತೆಯನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು.