ಉಗುಳಬಾರದೆಂಬ ಬೋರ್ಡು

ಸವಣೂರು ಇನ್ನೂ ನವಾಬರ ಸಂಸ್ಥಾನವಾಗಿದ್ದ ಕಾಲ. ಕೆರೆ ದಂಡೆಯ ಹೊಸ ಉದ್ಯಾನಕ್ಕೆ ನಾನೊಂದು ಬೋರ್ಡು ಬರೆದುಕೊಟ್ಟಿದ್ದೆ: 'ಇಲ್ಲಿ ಉಗುಳಬಾರದು'. ವೀಳ್ಯದೆಲೆ ಬೆಳೆದೇ ಬದುಕುವ ಊರಿಗೆ ಇಂಥ ಅಪ್ಪಣೆ! ಬರೆಯುವಾಗ ನನಗೇ ನಗು ಬಂದಿತ್ತು.

ಉದ್ಘಾಟನೆಯ ಸಂಜೆ, ಇದ್ದೊಂದು ಬಿಳಿ ಕೋಟು ತೊಟ್ಟು ಬೇಗನೇ ಹೋಗಿ, ನನ್ನ ಬೋರ್ಡು ಕಾಣುವ ಹಾಗೆ ಒಂದು ಬೆಂಚಿಗೆ ಒರಗಿ ಕೂತೆ. ಬಣ್ಣದ ವಾಸನೆ ಬರುತ್ತಿತ್ತು. ಅದು ಯಾವಾಗಲೂ ನನ್ನ ಮೈಯಿಂದ ಬರುವುದೇ.

ಅಷ್ಟರಲ್ಲಿ ಎಲೆತೋಟದ ಮುದುಕನೊಬ್ಬ ಬಂದ. ಬಾಯಿ ತುಂಬ ಎಲೆ-ಅಡಿಕೆ. ನನ್ನನ್ನು ನೋಡಿದವನೇ ಗಾಬರಿಯಾಗಿ, ಗದ್ದ ಮೇಲೆತ್ತಿ "ಊಂ! ಊಂ!" ಅಂದ. ಬೆಂಚು ತೋರಿಸಿದ, ತನ್ನ ಬೆನ್ನು ತಟ್ಟಿಕೊಂಡ. ಊರಿನ ಇತಿಹಾಸ ಹೇಳುತ್ತಿದ್ದಾನೆ ಅಂದುಕೊಂಡೆ.

"ಹಿಂದಿನ ನವಾಬರು ಇಲ್ಲೇ ಕುಂಡ್ರತಿದ್ರೇನ್ರಿ ಅಜ್ಜಾರ?"

ಅಲ್ಲವೆಂದು ಜೋರಾಗಿ ತಲೆಯಾಡಿಸಿದ.

"ಆನಿ ಬೆನ್ನ ಮ್ಯಾಲೆ ಬರತಿದ್ರೇನು?"

ಅವನು ಹಣೆ ಚಚ್ಚಿಕೊಂಡು ಗೇಟಿನ ಆಚೆ ಓಡಿದ. ಅಲ್ಲಿ ಉಗುಳಿ ಬಂದು ಹೇಳಿದ:

"ಆ ಬೆಂಚಿಗೆ ಮಧ್ಯಾಹ್ನ ಹಸರ ಬಣ್ಣಾ ಹಚ್ಚ್ಯಾರ್ರಿ. ಇನ್ನೂ ಆರಿಲ್ಲ, ಏಳ್ರಿ!"

ಎದ್ದೆ. ಕೋಟಿನ ಬೆನ್ನಿಗೆ ನಾಲ್ಕು ಹಸಿರು ಪಟ್ಟೆ.

"ಅಲ್ರಿ, ಇಲ್ಲೇ ಉಗುಳಿ ಹೇಳಬಾರದಿತ್ತೇನ್ರಿ?"

"ಹೆಂಗ ಉಗುಳಲ್ರಿ? ಯಾವನೋ ಪುಣ್ಯಾತ್ಮ ಅಷ್ಟು ಚಂದ ಬರದಾನ."

ಸಮಾರಂಭ ಮುಗಿಯುವವರೆಗೂ ಆ ಪುಣ್ಯಾತ್ಮ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಮರುದಿನ ಹೋಗಿ ನೋಡಿದರೆ ಬೆಂಚು ಒಣಗಿತ್ತು. ಬೋರ್ಡು ಮಾತ್ರ ಕೆಂಪಾಗಿತ್ತು.