ಷಣ್ಮುಖಪ್ಪನ ಹೊಗೆಕೊಳವೆ

ಟಕ್, ಟಕ್, ಟಕ್.

ಹಲ್ಲಿ ಲೊಚಗುಟ್ಟಿದಂತೆಯೇ ಇತ್ತು. ವ್ಯಾನಿನೊಳಗೆ ಶಾಲು ಹೊದ್ದು ಕುಳಿತಿದ್ದ ಕಲ್ಲಮ್ಮ, ಮನೆಯಲ್ಲಿ ಮಾಡುವಂತೆ, ಬೆರಳಿನ ಗೆಣ್ಣಿನಿಂದ ಹಲಗೆಯನ್ನು ಮೂರು ಸಲ ಕುಟ್ಟಿದಳು. ಇದು ಹಲ್ಲಿಯಲ್ಲ, ಡೀಸೆಲ್ಲನ್ನು ಹನಿಹನಿಯಾಗಿ ಎತ್ತಿಕೊಡುವ ಪುಟ್ಟ ಪಂಪು ಎಂದು ಅವಳ ಗಂಡ ಷಣ್ಮುಖಪ್ಪ ವಿವರಿಸಿದ. ಆ ಡೀಸೆಲ್ಲು ಹೀಟರಿನ ಪೆಟ್ಟಿಗೆಯೊಳಗೆ ಉರಿಯುತ್ತದೆ, ಫ್ಯಾನು ಬಿಸಿಗಾಳಿಯನ್ನು ಇತ್ತ ಊದುತ್ತದೆ, ಹೊಗೆ ಅತ್ತ ಹೋಗುತ್ತದೆ ಎಂದೂ ವಿವರಿಸಿದ. ವಿವರಿಸುವುದು ಅವನಿಗೆ ಉಸಿರಾಟದಷ್ಟೇ ಸಹಜ. ಎದುರಿಗಿದ್ದವರು ಎದ್ದು ಹೋದರೂ ಹಿಡಿದ ಮಾತನ್ನು ಮುಗಿಸಿಯೇ ಏಳುವ ಮನುಷ್ಯ.

ಸಂತೇಬೆನ್ನೂರಿನಲ್ಲಿ ಅವನನ್ನು ಇಂಜಿನ್ ಷಣ್ಮುಖಪ್ಪ ಎನ್ನುತ್ತಾರೆ. ಹೊನ್ನಾಳಿ, ನ್ಯಾಮತಿ ಕಡೆಯ ಹೊಳೆದಂಡೆಗಳಿಂದ ಹಿಡಿದು ಜಗಳೂರಿನ ಆಳದ ಬಾವಿಗಳವರೆಗೆ ಅವನು ಕೂರಿಸಿದ ಡೀಸೆಲ್ ಇಂಜಿನ್ನುಗಳು ನಲವತ್ತು ವರ್ಷ ನೀರೆತ್ತಿದವು. ಬೇಸಿಗೆ ಬಂತೆಂದರೆ ಅವನ ನಿದ್ದೆ ಯಾರದೋ ಪಂಪ್‌ಹೌಸಿನಲ್ಲಿ. ಕಲ್ಲಮ್ಮನನ್ನು ಕೇದಾರಕ್ಕೆ ಕರೆದೊಯ್ಯುತ್ತೇನೆಂದು ಮದುವೆಯಾದ ವರ್ಷ ಹೇಳಿದ್ದ. ಆಮೇಲೆ ಪ್ರತಿ ವರ್ಷವೂ ಹೇಳಿದ. ಬಾವಿಬಾವಿಗೂ ಕರೆಂಟಿನ ಮೋಟರು ಬಂದು, ಅವನ ಇಂಜಿನ್ನುಗಳು ಗುಜರಿಗೆ ಹೋದ ಮೇಲಷ್ಟೇ ಆ ಮಾತನ್ನು ನಡೆಸಿಕೊಡುವ ನೆನಪಾಯಿತು. ಹೇಳುವುದರಲ್ಲಿ ತನ್ನಷ್ಟು ನಿಯತ್ತು ಯಾರಿಗೂ ಇಲ್ಲ ಎಂದು ಈಗ ಅವನೇ ಆಡಿಕೊಳ್ಳುತ್ತಾನೆ.

ಬಸವಾಪಟ್ಟಣದ ಕಡೆಯ ಒಂದು ಶಾಲೆ ಮಾರಿದ ಹಳೇ ವ್ಯಾನನ್ನು ತಂದು, ಸೀಟು ಕಿತ್ತು, ಒಂದು ವರ್ಷ ಗುದ್ದಾಡಿ, ಯಾತ್ರೆಗೆಂದು ಅದನ್ನು ಓಡಾಡುವ ಮನೆ ಮಾಡಿದ. ಎರಡು ಸಲ ಬಿಳಿ ಬಣ್ಣ ಬಳಿದರೂ ಹಿಂಬದಿಯ ‘ಮಕ್ಕಳಿದ್ದಾರೆ’ ಎಂಬ ಅಕ್ಷರಗಳು ಒಳಗಿನಿಂದ ಇಣುಕುತ್ತಿದ್ದವು. ಇಬ್ಬರಿದ್ದಾರೆ, ಒಂದಕ್ಕೆ ಅರವತ್ತೊಂದು, ಇನ್ನೊಂದಕ್ಕೆ ಐವತ್ತಾರು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಮಂಚವನ್ನು ತನ್ನ ಎತ್ತರಕ್ಕೇ ಅಳೆದು ಮಾಡಿದ್ದ. ದಿಂಬಿಗೆ ಜಾಗ ಬೇಕೆಂಬುದು ಮಲಗಿದ ಮೇಲೆ ಹೊಳೆಯಿತು. ಹೀಟರನ್ನು ತರಿಸಿದ್ದು ಮಾತ್ರ ಕಲ್ಲಮ್ಮನಿಗಾಗಿ. ಅವಳ ಮಂಡಿಗಳು ಸಂಕ್ರಾಂತಿಯ ಚಳಿಯನ್ನೇ ತಡೆಯವು, ಹಿಮಾಲಯದ ಚಳಿಯನ್ನು ತಡೆದಾವೇ?

ಆವತ್ತಿನ ಬೆಳಗಿನ ಪರೀಕ್ಷೆ ಐದು ನಿಮಿಷ ಚೆನ್ನಾಗಿ ನಡೆಯಿತು. ಕಲ್ಲಮ್ಮ ಮಂಡಿಗಳನ್ನು ಬಿಸಿಗಾಳಿಯ ಕಡೆ ತಿರುಗಿಸಿದಳು. ಷಣ್ಮುಖಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಪೆಟ್ಟಿಗೆ ಗೊಳಗೊಳ ಎಂದಿತು. ಕೊಳವೆಯ ಸಂದಿನಿಂದ ಬಿಳೀ ಹೊಗೆ ನುಗ್ಗಿ ವ್ಯಾನು ತುಂಬಿತು. ಅವನು ಬಾಗಿಲು ತೆಗೆಯುವ ಮೊದಲೇ ಕಲ್ಲಮ್ಮ ಕೆಮ್ಮುತ್ತಾ ಕೆಳಗಿಳಿದಿದ್ದಳು. ಶಾಲನ್ನು ಮೂಸಿ ನೋಡಿ, ಸಮಾಧಾನವಾಗಿಯೇ ಹೇಳಿದಳು:

“ಎದುರಂಗಡಿ ಹನುಮಂತಪ್ಪನೋರು ಕೇದಾರಕ್ಕೆ ರೈಲಿನಾಗೆ ಜನ ಕರಕೊಂಡು ಹೋಗ್ತಾರಂತೆ. ಭಾನುವಾರದೊಳಗೆ ಹೆಸರು ಕೊಡಬೇಕು. ನಂದು ಬರೆಸಿಬಿಡ್ರಿ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಎರಡು ದಿನ ಹೀಟರನ್ನು ಬಿಚ್ಚಿದ, ಕೂಡಿಸಿದ. ತಪ್ಪೇನೂ ಸಿಗಲಿಲ್ಲ. ಅದರ ಜೊತೆ ಬಂದಿದ್ದ ಪುಸ್ತಕವನ್ನು ಮಾತ್ರ ತೆರೆಯಲಿಲ್ಲ. ಡೀಸೆಲ್ಲಿನ ವಿಷಯದಲ್ಲಿ ತನಗೆ ಪುಸ್ತಕವೇ ಎಂದು ಮೊದಲ ದಿನವೇ ಅಡುಗೆಮನೆಯ ಎಣ್ಣೆಡಬ್ಬಿಯ ಕೆಳಗೆ ಹಾಸಿದ್ದ. ಶನಿವಾರ ಮಧ್ಯಾಹ್ನ ಅವನು ಉಣ್ಣಲು ಕುಳಿತಾಗ ರೊಟ್ಟಿಯ ತಟ್ಟೆಯ ಪಕ್ಕ ಆ ಪುಸ್ತಕವೂ ಬಂತು. ಕಲ್ಲಮ್ಮ ಎಣ್ಣೆ ಹೀರಿದ ಒಂದು ಪುಟದ ಮೇಲೆ ಬೆರಳಿಟ್ಟಳು. ಓದಲು ಬಾರದ ಭಾಷೆ. ಚಿತ್ರಕ್ಕೆ ಭಾಷೆ ಬೇಕಿರಲಿಲ್ಲ. ಹೊಗೆಕೊಳವೆ ಗಾಡಿಯ ಅಡಿಗೆ ಇಳಿದು ನೆಲದ ಕಡೆ ಬಾಗಿತ್ತು. ಮೇಲಕ್ಕೆ ಹೋಗುವ ಕೊಳವೆಯ ಮೇಲೆ ಕೆಂಪು ಗೀಟು ಹೊಡೆದಿದ್ದರು.

ಷಣ್ಮುಖಪ್ಪನ ಕೈಯಲ್ಲಿ ತುತ್ತು ನಿಂತಿತು. ಪಂಪ್‌ಹೌಸಿನ ಇಂಜಿನ್ನಿಗೆ ಮಾಡುವಂತೆ ಅವನು ಕೊಳವೆಯನ್ನು ನೆಟ್ಟಗೆ ಮೇಲೆತ್ತಿ, ವ್ಯಾನಿನ ತಲೆ ಕೊರೆದು, ಮೇಲೊಂದು ತಗಡಿನ ಟೋಪಿಯನ್ನೂ ತೊಡಿಸಿದ್ದ. ದೊಡ್ಡ ಇಂಜಿನ್ನು ಹೊಗೆಯನ್ನು ಒದ್ದು ಓಡಿಸುತ್ತದೆ. ಈ ಸಣ್ಣದರ ಹೊಗೆ ಅಷ್ಟುದ್ದ ಹತ್ತುವಷ್ಟರಲ್ಲಿ ತಣ್ಣಗಾಗಿ, ನೀರಾಗಿ, ಹಿಂದಕ್ಕಿಳಿದು ಬೆಂಕಿಯ ಗಂಟಲು ಕಟ್ಟಿಸಿತ್ತು.

“ನಲವತ್ತು ವರ್ಷ ಹೊಗೆ ಮ್ಯಾಲಕ್ಕೆ ಬಿಟ್ಟೀರಿ,” ಎಂದಳು ಕಲ್ಲಮ್ಮ. “ಒಂದ್ಸಲ ಬಗ್ಗಿ ಕೆಳಕ್ಕೆ ಬಿಟ್ಟು ನೋಡ್ರಿ.”

ಅವನು ಬಗ್ಗಲಿಲ್ಲ, ಮಲಗಿದ. ಸಂಜೆಯವರೆಗೂ ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ಕೊಳವೆಯನ್ನು ಇಳಿಜಾರಾಗಿ ಹೊರಗೆ ತಂದು, ಪ್ರತಿ ಸಂದನ್ನೂ ಬಿಗಿದು, ಸೋಪಿನ ನೊರೆ ಹಚ್ಚಿ ಗಾಳಿ ಊದಿ ಪರೀಕ್ಷಿಸಿದ. ತಲೆಯ ಮೇಲಿನ ತೂತಿಗೆ ಅಡುಗೆಮನೆಯ ಸ್ಟೀಲ್ ಮುಚ್ಚಳ ಬಡಿದು ಅರಗು ಮೆತ್ತಿದ. ಹೀಟರು ಒಂದು ತಾಸು ಉರಿಯಿತು. ಒಳಗೆ ವಾಸನೆಯ ಸುಳಿವಿಲ್ಲ. ಬಂದು ನೋಡೆಂದು ಕಲ್ಲಮ್ಮನನ್ನು ಕರೆಯಲು ಬಾಯಿ ಬರಲಿಲ್ಲ. ಮುಚ್ಚಳ ಎಲ್ಲಿ ಹೋಯಿತೆಂದು ಅವಳೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ, ಮನೆಯೆದುರಿಗೇ ಇರುವ ಹನುಮಂತಪ್ಪನ ಚಹಾದಂಗಡಿಯಲ್ಲಿ ಪಟ್ಟಿ ತಯಾರಾಗುತ್ತಿತ್ತು. ಕಲ್ಲಮ್ಮನ ಹೆಸರು ಬರೆಯಲೇ ಎಂದು ಹನುಮಂತಪ್ಪ ಪೆನ್ನು ತೆರೆದ. ‘ಬರಿ’ ಎನ್ನುವುದು ಒಂದೇ ಮಾತು. ಅದನ್ನಾಡಲಾರದೆ ಷಣ್ಮುಖಪ್ಪ ತನ್ನ ಪೆದ್ದುತನದ ಕಥೆಯನ್ನೇ ಹಿಡಿದು ಕೂತ. ದಿಂಬು ಮರೆತದ್ದು, ವ್ಯಾನಿಗೆ ಟೋಪಿ ಹಾಕಿದ್ದು, ಯಾವುದನ್ನೂ ಬಿಡಲಿಲ್ಲ.

“ಊರೋರ ಇಂಜಿನ್ ಕೆಮ್ಮಿದ್ರೆ ಔಷಧಿ ಕೊಡ್ತಿದ್ದೋನು ನಾನು,” ಎಂದ. “ಹೆಂಡ್ತೀನ್ನೇ ಕೆಮ್ಮಿಸಿಬಿಟ್ಟೆ.”

ಅಂಗಡಿ ನಕ್ಕಿತು. ಹನುಮಂತಪ್ಪ ಪೆನ್ನಿನಿಂದ ಪಟ್ಟಿ ತಟ್ಟಿದ.

“ಅದಿರ್ಲಿ ಷಣ್ಮುಖಣ್ಣ, ಹೆಸರು ಬರೀಲಾ?”

“ತಡಿಯಪ್ಪ, ಕೇಳು. ಆ ಚಿತ್ರ ನೋಡಿದಾಗ ನಾನು ಏನಂದ್ಕಂಡೆ ಅಂದ್ರೆ...”

ರಸ್ತೆಯಾಚೆಯಿಂದ ಸದ್ದು ಬಂತು. ಟಕ್, ಟಕ್, ಟಕ್.

ಮನೆಯ ಮುಂದೆ ನಿಂತಿದ್ದ ವ್ಯಾನಿನ ಕಿಟಕಿ ಅರ್ಧ ತೆರೆದಿತ್ತು. ಸರಳಿನ ಮೇಲೆ ಒಗೆದ ಶಾಲು ಹರವಿತ್ತು. ಹೀಟರಿನ ಗುಂಡಿ ಎಲ್ಲಿದೆಯೆಂದು ಅವನನ್ನು ಬಿಟ್ಟರೆ ಇನ್ನೊಬ್ಬರಿಗಷ್ಟೇ ಗೊತ್ತು.

ಷಣ್ಮುಖಪ್ಪ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದ.

“ಏನಂದ್ಕಂಡ್ರಿ?” ಹನುಮಂತಪ್ಪ ಕೇಳಿದ. “ಅಣ್ಣ, ಹೆಸರು ಬರೀಲೋ ಬ್ಯಾಡೋ?”

ಅವನಾಗಲೇ ರಸ್ತೆ ದಾಟುತ್ತಿದ್ದ.