ಟಗರು ಬಿದ್ದ ರನ್‌ವೇ

ದೇವರು ಸೇಡು ತೀರಿಸುತ್ತಾನೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ವಿಮಾನ ಹಾರಿಸಲು ಕಲಿಯಹೊರಟ ಹುಡುಗಿ, ನಗದೆ ಇನ್ನೇನು ಮಾಡಲಿ? ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ಹನ್ನೂರಿನ ಹತ್ತಿರ ಒಂದು ಖಾಸಗಿ ರನ್‌ವೇ ಇತ್ತು. ಅದರ ಪಕ್ಕದಲ್ಲೇ ನಮ್ಮ ಕುರಿಗಳು ಮೇಯುತ್ತಿದ್ದವು. ಒಂದು ಟಗರನ್ನು ನಮ್ಮ ಆಯಿ, ಅಂದರೆ ಅಜ್ಜಿ, ಕುರಿ ಕಾಯುವವರ ದೇವರಾದ ಬೀರೋಬಾನಿಗೆ ಬಿಟ್ಟಿದ್ದಳು. ದೇವರಿಗೆ ಬಿಟ್ಟ ಟಗರನ್ನು ಕಟ್ಟುವುದಿಲ್ಲ, ಹೊಡೆಯುವುದಿಲ್ಲ; ಅದು ಹೋದದ್ದೇ ದಾರಿ. ವಿಮಾನ ಹಾರಿಸಲು ಕಲಿಸಲೆಂದು ಸೊಲ್ಲಾಪುರದಿಂದ ಬರುತ್ತಿದ್ದ ತರಬೇತುದಾರರೊಬ್ಬರು ರನ್‌ವೇ ಮೇಲೆ ನಿಂತಿದ್ದ ಅದನ್ನು ಜೀಪಿನಿಂದ ಗುದ್ದಿ ಕೆಡವಿದರು. "ಒಂದ ಕುರೀಗಿ ಇಷ್ಟ್ಯಾಕ ಬಡಕೋತೀರಿ" ಎಂದರು. ಆಯಿ ಅಳಲಿಲ್ಲ. ಅದು ಸತ್ತ ಜಾಗದಲ್ಲಿ ಭಂಡಾರದ ಅರಿಶಿನ ಚೆಲ್ಲಿ, "ಇದರ ಹಿಸಾಬ ನೀನ ಮಾಡು, ಬೀರೋಬಾ" ಎಂದಳು.

ಮುಂದೆ ಅವರ ಕೈಕೆಳಗೇ ಕಲಿಯಬೇಕಾಯಿತು. ನಮ್ಮ ಕಡೆ ಬೇರೆ ಯಾರೂ ಕಲಿಸುತ್ತಿರಲಿಲ್ಲ. ನಾನು ಯಾರ ಮೊಮ್ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ದಿನಾ ನಮಸ್ಕಾರ ಮಾಡುತ್ತಿದ್ದೆ. ಅವರಿಂದಲೇ ಕಲಿತು ಅವರ ತಲೆಯ ಮೇಲೆಯೇ ಹಾರಬೇಕು, ಅದೇ ನನ್ನ ಸೇಡು.

ನಮ್ಮದು ಬಾಲದ ಕೆಳಗೆ ಪುಟ್ಟ ಚಕ್ರವಿರುವ ವಿಮಾನ. ನೆಲಕ್ಕಿಳಿದ ಮೇಲೆಯೇ ಅದರ ಕಷ್ಟ. ಬಾಲ ಕೊಂಚ ಪಕ್ಕಕ್ಕೆ ಸರಿದರೂ ಕಾಲಿನ ಪೆಡಲ್ ಒತ್ತಿ ತಿದ್ದಬೇಕು. ತಡವಾದರೆ ತಿರುಗಿಯೇ ಬಿಡುತ್ತದೆ. ಒಂದು ಬೆಳಿಗ್ಗೆ ಅವರೊಂದಿಗೆ ಹಾರಿದೆ; ಸರಿಯಾಗಿ ಇಳಿಸಿದರೆ ಮರುದಿನ ನನ್ನೊಬ್ಬಳನ್ನೇ ಹಾರಲು ಬಿಡುವುದಾಗಿ ಹೇಳಿದ್ದರು.

ಗಾಳಿ ಇರಲಿಲ್ಲ. ಚೆನ್ನಾಗಿಯೇ ಇಳಿಸಿದೆ. ಟಗರು ಬಿದ್ದ ಜಾಗ ಬಂದಾಗ ವಿಮಾನ ಎಡಕ್ಕೆ ಹೊರಳಿತು. ಬಲಗಾಲು ಒತ್ತಿದೆ. ಪೆಡಲ್ ನನ್ನ ಪಾದವನ್ನು ಹಿಂದಕ್ಕೆ ನೂಕಿತು. ಒಮ್ಮೆ ಸಡಿಲಾಯಿತು, ಮತ್ತೆ ಇನ್ನೂ ಜೋರಾಗಿ ನೂಕಿತು. ಕುರಿಗಳ ನಡುವೆ ಬೆಳೆದವಳು ನಾನು, ಟಗರಿನ ಹಣೆಯ ಬಲ ನನಗೆ ಗೊತ್ತು. "ಬಲಗಾಲ ಒತ್ತು, ಒತ್ತು" ಎಂದು ಅವರು ಕೂಗುತ್ತಿದ್ದಂತೆ ವಿಮಾನ ಗರ್ರನೆ ತಿರುಗಿ, ರೆಕ್ಕೆ ನೆಲಕ್ಕೆ ಬಡಿದು ನಿಂತಿತು. ಅವರ ಮೊಣಕಾಲು ಮುರಿದಿತ್ತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಎರಡೂ ಆಸನಗಳ ಪೆಡಲ್‌ಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ; ಒಬ್ಬರು ಒತ್ತಿದ್ದು ಇನ್ನೊಬ್ಬರ ಕಾಲಿಗೂ ತಿಳಿಯುತ್ತದೆ. "ನನ್ನ ಪೆಡಲಿಗಿ ಎದುರ ಒತ್ತಿದಾಕಿ ನೀನ" ಎಂದರು ಅವರು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಏನೂ ಕೆಟ್ಟಿರಲಿಲ್ಲ. ನನ್ನ ತರಬೇತಿ ಅಂದೇ ನಿಂತಿತು.

ಮನೆಯಲ್ಲಿ, ಪೆಡಲ್ ಮಾತು ಕೇಳಲಿಲ್ಲ ಎಂದಷ್ಟೇ ಹೇಳಿದೆ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಮ್ಮಿ ನೂಕಿ, ಸಡ್ಲ ಬಿಟ್ಟು, ಮತ್ತ ನೂಕಿತೇನವಾ? ನಮ್ಮ ಟಗರ ಹಾಂಗ ಗುದ್ದತಿತ್ತು."

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವರು ಈಗ ಕುಂಟುತ್ತಾರೆ, ಆದರೂ ಹಾರುತ್ತಾರೆ. ನಾನು ಮಾತ್ರ ನೆಲದ ಮೇಲಿದ್ದೇನೆ. ಆ ಟಗರು ಸೇಡು ತೀರಿಸಿಕೊಂಡದ್ದು ಯಾರ ಮೇಲೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.